ಯಾವ ಕಡೆ

ಆಪರೇಷನ್ನಾಗಿ ಮೂರು ತಿಂಗಳಿಗೆ
ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ ಗೇಟಲ್ಲಿ
ಫಿಲೋಮಿನಾ.

ಜವರಮ್ಮನದು ಮೂಟೆ ಎತ್ತುವ ಅಪ್ಪುಗೆ,
ಬೆನ್ನಿಗೆರಡು ಗುದ್ದೂ ಸೇರಿ.
ಇವಳು ಹಲ್ಲು ಕಚ್ಚಿಕೊಂಡು ನಕ್ಕಳು.
ಹೊಸ ಹುಡುಗಿ ಸೆರಗಿನ ತುದಿ ಮುಟ್ಟಿ
ಓಡಿಹೋಯಿತು.
ನಾನೋ, ಕೈಗೇನು ಕೆಲಸ ಕೊಡಬೇಕೋ ತಿಳಿಯದೆ
ಊಟದ ಡಬ್ಬಿಯನ್ನೇ ಕೊಟ್ಟೆ.

ಜುಲೇಖಾ,
ಮೊರದಗಲ ತೋಳು ತೆರೆದು ಬಂದವಳು,
ಎರಡು ಹೆಜ್ಜೆ ಆಚೆಗೇ ನಿಂತು ಕೇಳಿದಳು:
“ಯಾವ ಕಡೆ?”

“ಎಡ.”

ಮೈ ತುಸು ಓರೆ ಮಾಡಿ
ಅವಳ ಬಲಭುಜಕ್ಕೆ ಗಲ್ಲ ಊರಿ
ಎಡಕ್ಕೆ ಅಂಗೈಯಗಲ ಗಾಳಿ ಬಿಟ್ಟು
ಹಿಡಿದಳು.

ಸೈರನ್ ಕೂಗಿತು. ಬೆಲ್ಟು ಹೊರಟಿತು.
ಫಿಲೋಮಿನಾ ಬಿಡಲಿಲ್ಲ.
ಆರಿಸುವ ಕೈಗಳೆಲ್ಲ ಇತ್ತ ತಿರುಗಿ ನಿಂತು,
ಅವತ್ತು ಕಪ್ಪು ಬೀಜ ಒಂದಷ್ಟು
ಹಾಗೇ ಹೋಗಿರಬೇಕು
ಒಳ್ಳೆಯದರ ಜೊತೆ.