ತಡವಾಗಿ ಬಂದವಳ ಹಾಜರಿ

ಹಾಜರಿ ಪುಸ್ತಕದಲ್ಲಿ ಜುವೇನಾ ಎಂಬ ಹೆಸರಿನ ಮುಂದೆ
ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ:
ಸೋಮವಾರ ಹತ್ತೂ ಮುಕ್ಕಾಲು.
ಮಂಗಳವಾರ ಹನ್ನೊಂದೂವರೆ.
ಬುಧವಾರ ಹನ್ನೆರಡೂ ಕಾಲು.
ಗುರುವಾರ ಅವಳು ಬರುವಷ್ಟರಲ್ಲಿ ಗಂಟೆ ಒಂದು,
ಉಳಿದ ಮಕ್ಕಳು ಚೀಲ ಹೆಗಲಿಗೇರಿಸಿ ಹೊರಟಿದ್ದರು.
ಆಮೇಲೆ ಒಂದು ವಾರ
ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾಳೆ.
ಮತ್ತೆ ಒಂದು ಸೋಮವಾರ, ಹತ್ತೂ ಮುಕ್ಕಾಲು.

ಸೋಮಾರಿ ಹುಡುಗಿ, ಅಂದರು ಹೆಡ್‌ಮಾಸ್ಟರ್ ವುವಾಯಿ.
ಸೋಮಾರಿತನಕ್ಕೆ ಇಷ್ಟು ಲೆಕ್ಕ ಗೊತ್ತಿರುತ್ತದೆಯೇ?
ಗೋಡೆಯ ಕ್ಯಾಲೆಂಡರನ್ನು ಇಳಿಸಿ ಪಕ್ಕದಲ್ಲಿಟ್ಟು ನೋಡಿದೆ.
ಹುಣ್ಣಿಮೆಯದೊಂದು ಬೊಟ್ಟು, ಅಮಾವಾಸ್ಯೆಯದೊಂದು ಬೊಟ್ಟು,
ಕೆಂಪು ಶಾಯಿ ಅವೆರಡಕ್ಕೇ ಮುತ್ತಿಕೊಂಡಿತ್ತು
ಬೆಲ್ಲಕ್ಕೆ ಇರುವೆಯ ಹಾಗೆ.

ಆ ದಿನಗಳಲ್ಲಿ ಕಡಲು ನಮ್ಮ ಬ್ವೇಜೂ ದಂಡೆಯನ್ನು ಬಿಟ್ಟು
ಹವಳದ ದಿಬ್ಬದವರೆಗೂ ಹಿಂದೆ ಸರಿಯುತ್ತದೆ.
ತಾಯಿ ಮ್ವಾತಿಮಾಳ ಜೊತೆ ಮಗಳು ಮೊಣಕಾಲು ನೀರಿನಲ್ಲಿ ಬಗ್ಗಿ
ಗೂಟದಿಂದ ಗೂಟಕ್ಕೆ ಬಿಗಿದ ಹಗ್ಗಕ್ಕೆ
ಕಡಲಪಾಚಿಯ ಎಳೆ ಕಟ್ಟುತ್ತಾಳೆ.
ನಡುವಿನ ವಾರದ್ದು ಸತ್ತ ನೀರು, ನಾವು ಕರೆಯುವುದೇ ಹಾಗೆ:
ಪೂರ್ತಿ ಏರದು, ಪೂರ್ತಿ ಇಳಿಯದು.
ಆಗ ಶಾಲೆ.

ಆ ಮಂಗಳವಾರ ಹನ್ನೊಂದೂವರೆಗೆ ಅವಳು ಒದ್ದೆ ಲಂಗದಲ್ಲೇ ಬಂದಳು.
ನಾನು ಅಂಗಳದ ಮಧ್ಯೆ ಭೂಮಿಯಾಗಿ ನಿಂತಿದ್ದೆ.
ಚಂದ್ರನಾಗು, ಅಂದೆ.
ನನ್ನ ಕಡೆಗೇ ಮುಖವಿಟ್ಟು, ಅಡ್ಡಡ್ಡ ಹೆಜ್ಜೆ ಹಾಕುತ್ತ
ಏಡಿಯಂತೆ ಸುತ್ತಿದಳು.
"ಬೆನ್ನು ತೋರಿಸಲೇ ಇಲ್ಲ, ತಿರುಗಲೇ ಇಲ್ಲ ಅವಳು," ಎಂದ ಒಬ್ಬ ತುಂಟ.
"ತಿರುಗಿದೆ. ಟೀಚರ್ ಬೆನ್ನ ಹಿಂದೆ ಮೊದಲು ಮಾವಿನ ಮರ ಕಂಡಿತು,
ಆಮೇಲೆ ನಲ್ಲಿ, ಆಮೇಲೆ ಮಸೀದಿ.
ಅವರಿಗೆ ನನ್ನ ಮುಖ ಮಾತ್ರ ಕಂಡರೆ ನಾನೇನು ಮಾಡಲಿ?"

ಬೀಳುತ್ತಲೇ ಇದ್ದಾನೆ ಚಂದ್ರ, ಅಂದೆ, ನಮ್ಮತ್ತಲೇ,
ಆದರೆ ಪಕ್ಕಕ್ಕೂ ಓಡುತ್ತಿದ್ದಾನೆ;
ಬಿದ್ದ ಪ್ರತಿ ಸಲವೂ ನಾವು ತಪ್ಪಿ ಹೋಗುತ್ತೇವೆ.
ತಪ್ಪಿ ತಪ್ಪಿ ಸವೆದದ್ದೇ ಅವನ ದಾರಿ,
ಇಪ್ಪತ್ತೇಳು ದಿನ ಚಿಲ್ಲರೆ.
ಹುಣ್ಣಿಮೆಗೆ ಮಾತ್ರ ಇನ್ನೆರಡು ದಿನ ಕಾಯಬೇಕು,
ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಜರುಗಿರುತ್ತದೆ.
(ಪಾಚಿ ಕೊಳ್ಳುವವನು ದುಡ್ಡು ಕೊಡುವುದೂ ಹೀಗೆಯೇ,
ಹೇಳಿದ ದಿನಕ್ಕೆ ಎರಡು ದಿನ ಕೂಡಿಸಿ.)

"ಟೀಚರ್, ಈಗ ನೀವೂ ನಿಂತಲ್ಲೇ ಒಂದು ಸುತ್ತು ತಿರುಗಿ."
ತಿರುಗಿದೆ. ಸುತ್ತು ಮುಗಿಸಿ ನೋಡಿದರೆ
ಎದುರಿಗಿರಬೇಕಾದವಳು ಇಲ್ಲ, ಎರಡು ಹೆಜ್ಜೆ ಮುಂದೆ.
ಇನ್ನಷ್ಟು ಹೊರಳಬೇಕಾಯಿತು ಅವಳನ್ನು ಕಣ್ಣಿಗೆ ಹಿಡಿಯಲು.
"ಆ ಇನ್ನಷ್ಟೇ ನನ್ನ ಮುಕ್ಕಾಲು ಗಂಟೆ," ಎಂದಳು.
"ತಡವಾದದ್ದು ನಾನಲ್ಲ."

ಶಾಯಿಯ ಬುಡ್ಡಿಗೆ ಮುಚ್ಚಳ ಹಾಕಿ
ಸಂಜೆ ಅವರ ಮನೆಗೆ ಹೋದೆ.
ಮ್ವಾತಿಮಾ ನಾಳೆಗೆಂದು ಹಗ್ಗಕ್ಕೆ ದಾರ ಕಟ್ಟುತ್ತಿದ್ದಳು,
ಉಪ್ಪಿಗೆ ಸವೆದು ಅರ್ಧವಾದ ಉಗುರುಗಳಲ್ಲಿ.
ಹೇಳಬಾರದಿತ್ತೇನೋ, ಹೇಳಿದೆ:
ಈ ನೀರನ್ನು ಎಳೆದಾಡಿ ಎಳೆದಾಡಿ ಚಂದ್ರ
ವರ್ಷಕ್ಕೆ ಉಗುರು ಬೆಳೆಯುವಷ್ಟು ದೂರ ಹೋಗುತ್ತಿದ್ದಾನೆ.
"ಯಾರ ಉಗುರು?" ಅಂದಳು.
ನಾನು ಸುಮ್ಮನಾದೆ.
"ಹಾಗಾದರೆ ನೀರು ಇಳಿಯುವುದು ಕಡಿಮೆಯಾಗುತ್ತದೋ?"
ನಿಮ್ಮ ಕಾಲಕ್ಕಲ್ಲ, ಇವಳ ಕಾಲಕ್ಕೂ ಅಲ್ಲ.
ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ಅವಳು
ಪೂರ್ವದತ್ತ ನೋಡಿದಳು. ಇನ್ನೂ ಹುಟ್ಟಿರಲಿಲ್ಲ.
"ನಾಳೆ ಹನ್ನೆರಡೂ ಕಾಲಕ್ಕೆ ಕಳಿಸುತ್ತೇನೆ,
ಪಾಠ ಆಗ ಶುರು ಮಾಡಿ."