ಹನ್ನೊಂದನೆಯ ಸೀಸೆ

ಡಿಸೆಂಬರಿನಲ್ಲಿ ನಮ್ಮ ದಂಡೆಯ ಮಂಜು
ಬಾಗಿಲು ತಟ್ಟುವುದಿಲ್ಲ,
ಒಳಗೆ ಬಂದು ಕೂತುಬಿಡುತ್ತದೆ, ಸೋದರತ್ತೆಯ ಹಾಗೆ.
ಗೊತ್ತಿದ್ದೂ ಅದೇ ರಾತ್ರಿ
ಅಡುಗೆ ಸೋಡಾ, ನಿಂಬೆಉಪ್ಪು, ಮೆಕ್ಕೆಜೋಳದ ಹಿಟ್ಟು
ಮೇಜಿನ ತುಂಬ ಹರಡಿಕೊಂಡೆ.
ಮಗಳು ಓಡೆಟ್ ತಂದದ್ದು ನಕ್ಷತ್ರದ ಅಚ್ಚು.
‘ಸ್ನಾನದ ನೀರಿಗೆ ಬಿದ್ದ ಮೇಲೆ ಬುಸುಗುಡಬೇಕಮ್ಮ,
ಅದಕ್ಕೆ ಮೊದಲಲ್ಲ’
ಎಂದು ಹೇಳಿ ಮಲಗಲು ಹೋದಳು.

ಬೆಳಿಗ್ಗೆ ನೋಡಿದರೆ
ರಾತ್ರಿಯಿಡೀ ಮಂಜು ಕುಡಿದು
ಅಚ್ಚು ಮೀರಿ ಉಬ್ಬಿ
ತುಂಬು ಬಸುರಿ ನಕ್ಷತ್ರಗಳು.
ಒಂದನ್ನೆತ್ತಿದೆ. ಕೈಯಲ್ಲೇ ಪುಡಿ.

ಸರಿ, ಪುಡಿಯೇ ಆಗಲಿ.
ಎರಡು ಪಾಲು ಎಪ್ಸಂ ಉಪ್ಪು ಬೆರೆಸಿ
ಒಲೆಯ ಶಾಖಕ್ಕೆ ಒಣಗಿದ ಕಿತ್ತಳೆ ಸಿಪ್ಪೆ ಜಜ್ಜಿ ಹಾಕಿ
ಫರ್ ಮರದ ಎಣ್ಣೆ, ಸೀಸೆಗೆ ಎಂಟೆಂಟು ಹನಿ.
ಸೀಸೆಗಳೋ, ಬೇಸಿಗೆಯ ಉಪ್ಪಿನಕಾಯಿಯವು.
ಮೂರು ಸಲ ಕುದಿಸಿದ್ದೇನೆ, ಬಿಸಿಲು ಬಿದ್ದ ದಿನ ಒಣಗಿಸಿದ್ದೇನೆ,
ಆದರೂ ಮುಚ್ಚಳ ತೆರೆದರೆ
ಮೊದಲು ಕ್ರಿಸ್‌ಮಸ್,
ಹಿಂದಿನಿಂದ ಮೆಲ್ಲಗೆ ಸೌತೆಕಾಯಿ.

ವಾಸನೆಯ ಮಾತು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಇಪ್ಪತ್ತೆರಡು ವರ್ಷ
ಹೆರಿಂಗ್ ಮೀನಿನ ಹೊಟ್ಟೆ ಸೀಳಿದ ಕೈ ಇದು.
ನಿಂಬೆ ಉಜ್ಜಿದೆ, ಕಾಫಿಗಷ್ಟು ಉಜ್ಜಿದೆ,
ಗಂಡನ ಹಲ್ಲುಪುಡಿಯನ್ನೂ ಬಿಡಲಿಲ್ಲ.
ಇಗರ್ಜಿಯಲ್ಲಿ ಕೈ ಜೋಡಿಸಿದರೆ
ಪ್ರಾರ್ಥನೆಗಿಂತ ಮುಂಚೆ ಅದೇ ಏಳುತ್ತದೆ.
ದೇವರು ನನ್ನನ್ನು ಗುರುತಿಸುವುದೂ
ಬಹುಶಃ ಅದರಿಂದಲೇ.

ಹನ್ನೊಂದು ಸೀಸೆ, ಹನ್ನೊಂದು ಕೆಂಪು ದಾರ.
ಬ್ಯೂಲಾಗೆ, ಅವಳ ಮಂಡಿನೋವಿಗೆ.
ಇವೆಟ್‌ಗೆ, ಹೊಸ ಸೊಸೆ ಬಂದ ತಲೆನೋವಿಗೆ.
ಮೇಲ್ವಿಚಾರಕಿ ಆರ್ಡಿತ್‌ಗೂ ಒಂದು:
ಆಗಸ್ಟಿನಲ್ಲಿ ನನ್ನ ವಾರದ ಒಂಬತ್ತು ತಾಸು ಕತ್ತರಿಸಿದವಳು.
ಹಬ್ಬಕ್ಕೆ ಹಗೆ ಬೇಡ, ಕೊಟ್ಟೆ.
ಅವಳದಕ್ಕೆ ಮಾತ್ರ ಎಣ್ಣೆ ಆರೇ ಹನಿ.
ಲೆಕ್ಕ ಅಂದರೆ ಲೆಕ್ಕ.

ಹನ್ನೊಂದನೆಯದು ಮಾರಿವಿಕ್‌ಳದು.
ಮೇ ತಿಂಗಳಲ್ಲಿ ಇಲೊಯ್ಲೊ ಎಂಬ ಊರಿನಿಂದ ಬಂದವಳು,
ಸಾಲಿನ ಕಟ್ಟಕಡೆ ನಿಲ್ಲುತ್ತಾಳೆ,
ಚಾಕು ನನಗಿಂತ ಚುರುಕು.
ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿದಳು,
ಮೂಸಿದಳು, ನಕ್ಕಳು:
‘ಚೆಂದ ಇದೆ, ಮೆಲ್ವಿನಾ.
ನಮ್ಮ ಕಂಪನಿ ಮನೆಯಲ್ಲಿ ಆರು ಜನ, ಒಂದು ಷವರ್.
ತೊಟ್ಟಿ ಮಾತ್ರ ಇಲ್ಲ.’

ಅವಳು ನಗುತ್ತಲೇ ಹೇಳಿದ್ದು.
ಉಪ್ಪು ಅವಳ ಕೈಯಲ್ಲಿತ್ತು,
ಉರಿದದ್ದು ನನಗೆ.
ಏಳು ತಿಂಗಳು ಒಟ್ಟಿಗೆ ಮೀನು ಸೀಳಿ
ಎಲ್ಲಿ ಮೀಯುತ್ತೀಯೆ ಎಂದು
ಒಂದು ದಿನವಾದರೂ ಕೇಳಿದ್ದೆನೆ?

ಹಬ್ಬದ ಹಿಂದಿನ ರಾತ್ರಿ
ಬಟ್ಟೆಯಲ್ಲಿ ಸುತ್ತಿದ ಬಿಸಿ ಹಂದಿಮಾಂಸದ ಪೈ ಹಿಡಿದು
ಹಿಮ ತುಳಿದು ಹೋದೆ.
ಮನೆಯೊಳಗೆ ಯಾರೂ ಇಲ್ಲ.
ಹಿಂದಿನ ಷೆಡ್ಡಿನಲ್ಲಿ ಬೆಳಕು,
ನನಗೆ ತಿಳಿಯದ ಭಾಷೆಯಲ್ಲಿ ಕೇಕೆ.

ಮೀನು ತುಂಬುವ ಬೂದುಬಣ್ಣದ ದೊಡ್ಡ ಪೆಟ್ಟಿಗೆ.
ಉಜ್ಜಿ ಉಜ್ಜಿ ತೊಳೆದಿದ್ದಾರೆ,
ಅಂಚಿನ ಸುತ್ತ ಹಲಗೆ ಇಟ್ಟು
ಆರೂ ಜನ ಕೂತಿದ್ದಾರೆ,
ಪ್ಯಾಂಟು ಮಂಡಿಗೆ ಮಡಚಿ,
ಹನ್ನೆರಡು ಕಾಲು ಬಿಸಿನೀರಿನಲ್ಲಿ.
ನನ್ನ ಬಸುರಿ ನಕ್ಷತ್ರಗಳ ಪುಡಿ
ಅಲ್ಲಲ್ಲಿ ಇನ್ನೂ ಬುಸ್ ಅನ್ನುತ್ತಿದೆ.
ಫರ್, ಕಿತ್ತಳೆ, ಸೌತೆಕಾಯಿ,
ಎಲ್ಲದರ ತಳದಲ್ಲಿ ಹೆರಿಂಗ್.

‘ಬಾ’ ಎಂದಳು ಮಾರಿವಿಕ್, ಸರಿದು ಕೂತು.
ಉಪ್ಪು ತಿಂದವರು ನೀರು ಕುಡಿಯಬೇಕು,
ಉಪ್ಪು ಕೊಟ್ಟವರು ನೀರಿಗೆ ಇಳಿಯಬೇಕು.
ಬೂಟು ಕಳಚಿದೆ.
ಕಾಲುಚೀಲದ ತೂತು ಎಲ್ಲರಿಗೂ ಕಂಡಿತು.

ಪೈ ಕೈಯಿಂದ ಕೈಗೆ ಸುತ್ತಿ ಖಾಲಿಯಾಯಿತು.
ನೀರು ಆರುತ್ತಿತ್ತು.
ಕೆಟಲ್ ತರಲು
ಒಬ್ಬರಾದರೂ ಏಳಲೊಲ್ಲರು.