ಐವತ್ತು ಎಪ್ಪತ್ತೈದಾಗುವ ಲೆಕ್ಕ

ಕ್ಯಾಮೆರಾ ಹದಿನೆಂಟು ಸಾವಿರ, ಸೆಕೆಂಡ್ ಹ್ಯಾಂಡು.
ಹಿಡಿಯುವಲ್ಲಿ ರಬ್ಬರು ಎದ್ದು ಬಂದಿದೆ.
ಒಳಗೆ ಕನ್ನಡಿಯಿಲ್ಲ ಮೇಡಂ, ಅದಕ್ಕೇ ಹಗುರ,
ಅಂದ ಮಡಿಕೇರಿಯ ಹುಡುಗ.
ಇಲ್ಲದ್ದನ್ನೇ ಗುಣವೆಂದು ಮಾರುವವನನ್ನು
ಮೊದಲ ಸಲ ಕಂಡೆ, ನಂಬಿದೆ.

ಜೊತೆಗೆ ಬಂದ ಕಿಟ್ ಲೆನ್ಸು
ಸಂಜೆ ಐದಕ್ಕೇ ಆಕಳಿಸುತ್ತದೆ,
ಮಂಜು ಇಳಿದರೆ ನಾಲ್ಕಕ್ಕೇ.
ಹೊಸದಕ್ಕೆ ದುಡ್ಡು ಉಳಿದಿರಲಿಲ್ಲ.

ಆಗ ನೆನಪಾದದ್ದು ಸೋಮವಾರಪೇಟೆಯಲ್ಲೇ ಇದ್ದ
ದಾಮೋದರಣ್ಣನ ಸ್ಟುಡಿಯೋ.
ನನ್ನ ಎಸ್ಸೆಸ್ಸೆಲ್ಸಿ ಫೋಟೋ ತೆಗೆದದ್ದು ಅಲ್ಲೇ,
ಗಲ್ಲ ಕೆಳಗೆ, ಉಸಿರು ಬಿಡಬೇಡ, ಎಂದು.
ಈಗ ಅರ್ಧ ಅಂಗಡಿ ಝೆರಾಕ್ಸು,
ಇನ್ನರ್ಧದಲ್ಲಿ ಕಾಳುಮೆಣಸು ತೂಗುವ ಅವರ ಅಳಿಯ.

ಬೀರುವಿನ ಅಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದರು.
ಡಬ್ಬಿಯಲ್ಲಿ ಅಕ್ಕಿ, ಅಕ್ಕಿಯಲ್ಲಿ ಹೂತ ಲೆನ್ಸು:
ಐವತ್ತು ಎಂಎಂ, ಒಂದು ಪಾಯಿಂಟ್ ಎಂಟು,
ರೀಲಿನ ಕಾಲದ್ದು.
ಉಂಗುರ ತಿರುಗಿಸಿದರೆ ಜೇನಿನಷ್ಟು ನಿಧಾನ.
'ಮೂರೂವರೆ ಸಾವಿರ ಕೊಡು. ಆದರೆ ನೋಡಿ ತಗೋ,
ಒಂದು ಮಳೆಗಾಲ ಅಕ್ಕಿ ಬದಲಿಸೋದು ಮರೆತೆ.'

ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ
ಗಾಜಿನ ಮೇಲೆ ಗಾಜಿಟ್ಟು
ಒಂದೇ ಕಣ್ಣಲ್ಲಿ ಸಂಬಳ ದುಡಿಯುವವಳು.
ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದದ್ದೇ ಗೊತ್ತಾಯಿತು.
ಅಂಚಿನಿಂದ ನಡುವಿಗೆ ಹೊರಟ ಎಳೆಗಳು,
ಎಳೆಗೆ ಕವಲು, ಕವಲಿಗೆ ಮರಿಕವಲು.
ರಿಪೋರ್ಟಾಗಿದ್ದರೆ ಪಾಸಿಟಿವ್ ಎಂದು ಬರೆದು
ಸೀಲು ಒತ್ತಬೇಕಾದ ಬೂಷ್ಟು.
ಇಲ್ಲಿನ ತೇವ ಚಪ್ಪಲಿ ತಿನ್ನುತ್ತದೆ, ಬೆಲ್ಟು ತಿನ್ನುತ್ತದೆ,
ಗಾಜಿನಲ್ಲೂ ಅದಕ್ಕೆ ಊಟವಿದೆಯೆಂದು
ಆವತ್ತೇ ತಿಳಿದದ್ದು.

'ಫೋಟೋದಲ್ಲಿ ಕಾಣುತ್ತಾ?'
'ಬೆಳಕಿಗೆ ಎದುರಾದರೆ ಕಾಣುತ್ತೆ, ಬೆನ್ನು ಹಾಕಿದರೆ ಇಲ್ಲ.'
ಮನುಷ್ಯರ ಹಾಗೇ, ಎಂದೇನೂ ಸೇರಿಸಲಿಲ್ಲ ದಾಮೋದರಣ್ಣ.
'ಮೂರಕ್ಕೆ ಇಟ್ಕೋ' ಎಂದರು.

ಆರುನೂರರ ಅಡಾಪ್ಟರು ಕೊರಿಯರಿನಲ್ಲಿ ಬಂತು.
ರೀಲಿಗೂ ಸೆನ್ಸರಿಗೂ ನಡುವೆ
ಒಂದು ಅಲ್ಯುಮಿನಿಯಂ ಬಳೆ.
ಈ ಪುಟ್ಟ ಸೆನ್ಸರಿನಲ್ಲಿ ಐವತ್ತು ಎಪ್ಪತ್ತೈದಾಗುತ್ತದೆ.
ಅಂದರೆ, ಎದುರಿಗಿದ್ದವರು ತಾವಾಗೇ ಹತ್ತಿರ ಬರುತ್ತಾರೆ,
ಇಡಿಯಾಗಿ ಕಾಣಬೇಕಾದರೆ
ನೀನೇ ಹಿಂದೆ ಸರಿಯಬೇಕು.
ಕ್ವಾರ್ಟರ್ಸಿನಲ್ಲಿ ಅಷ್ಟು ಜಾಗವಿಲ್ಲ.

ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೊರಟಿದ್ದಳು
ಪಕ್ಕದ ಕೋಣೆಯ ಸಿಸ್ಟರ್ ಬೊಳ್ಳವ್ವ.
ವರ್ಷವಿಡೀ ಬಿಳಿ ಕೋಟಿನಲ್ಲಿ ಕಂಡವಳು
ಕೆಂಪು ಸೀರೆಯಲ್ಲಿ, ನೆರಿಗೆ ಬೆನ್ನ ಹಿಂದೆ.
ಎದುರಿಂದ ತೆಗೆದರೆ ನೆರಿಗೆ ಬಾರದು,
ಹಿಂದಿನಿಂದ ತೆಗೆದರೆ ಮುಖ.
ಅವಳಿಗೆ ಎರಡೂ ಬೇಕು.
ಅಡ್ಡ ನಿಲ್ಲಿಸಿದೆ ಮೆಟ್ಟಿಲ ಮೇಲೆ,
ನಾನು ಸರಿದೆ, ಅಂಗಳ ಮುಗಿಯಿತು,
ಚರಂಡಿ ದಾಟಿದೆ, ರಸ್ತೆ ದಾಟಿದೆ,
ಜೀಪಿನವನು ಬೈದು ಹೋದ.
'ಎಲ್ಲಿ ತನಕ ಹೋಗ್ತೀಯೇ? ವಿರಾಜಪೇಟೆ ಬಸ್ಸು ತಪ್ಪುತ್ತೆ!'

ಉಂಗುರ ತಿರುಗಿಸಿದೆ.
ಫೋಕಸ್ಸು ತಾಗಿದಲ್ಲೆಲ್ಲ ಪರದೆ ಕೆಂಪು ಗೆರೆ ಎಳೆಯುತ್ತದೆ:
ಮೊದಲು ಗೋಡೆಯ ಮೀಟರ್ ಬಾಕ್ಸಿಗೆ,
ಆಮೇಲೆ ಭುಜದ ಪಿನ್ನಿಗೆ, ಕೊನೆಗೆ ಹುಬ್ಬಿಗೆ.
ಆ ಕ್ಷಣವೇ, ವಾರದ ಮೇಲೆ ಬಂದ ಬಿಸಿಲು
ಹೆಂಚಿನ ಮೇಲಿಂದ ನೆಟ್ಟಗೆ ಲೆನ್ಸಿನೊಳಕ್ಕೆ.
ಒತ್ತಿಬಿಟ್ಟೆ.

'ಇವತ್ತು ಮಂಜಿತ್ತಾ?' ಪರದೆ ನೋಡಿ ಬೊಳ್ಳವ್ವ ಕೇಳಿದಳು.
ಇರಲಿಲ್ಲ.
ಅದು ಬಹಳ ಹಿಂದಿನ ಒಂದು ಮಳೆಗಾಲ,
ದಾಮೋದರಣ್ಣ ಮರೆತದ್ದು,
ಅವಳ ಕೆನ್ನೆಯ ಸುತ್ತ ಬಂದು ಕೂತಿತ್ತು.
'ಅಳಿಸಬೇಡ' ಎಂದು ಬ್ಯಾಗು ಹೊತ್ತು ಓಡಿದಳು.

ಪ್ರಿಂಟು ಹಾಕಿಸಲು ಅದೇ ಅಂಗಡಿಗೆ ಹೋದೆ.
ದಾಮೋದರಣ್ಣನೂ ನನ್ನ ಹಾಗೇ,
ಮುಖಕ್ಕಿಂತ ಮೊದಲು ಅಂಚು ನೋಡಿದರು.
ಬಹಳ ಹೊತ್ತು ನೋಡಿದರು.
ಅಳಿಯ ತಕ್ಕಡಿ ನಿಲ್ಲಿಸಿ ಇಣುಕಿದ.
'ಅಕ್ಕಿ ಬದಲಿಸಿದೆಯಾ?' ಎಂದರು ಕೊನೆಗೆ.
'ಹಳೆಯದನ್ನು ಅನ್ನ ಮಾಡಬೇಡ.'